ಒರೆಸಿದ ದೃಷ್ಟಿಬೊಟ್ಟು

ಅತ್ತಿಗೆ, ಆ ದಿನ ನೀವು ಉಷಾಳ ಕೆನ್ನೆಗೆ ದೃಷ್ಟಿಬೊಟ್ಟು ಇಡುವುದನ್ನು ಮರೆತಿರಲಿಲ್ಲ. ಇಟ್ಟಿದ್ದಿರಿ. ಅದನ್ನು ಒರೆಸಿದವಳು ನಾನು.

ಇಷ್ಟು ಬರೆಯುವುದಕ್ಕೇ ನನಗೆ ಒಂದು ವಾರ ಹಿಡಿಯಿತು. ಮೂರು ಸಲ ಹಾಳೆ ಹರಿದು ಹಾಕಿದೆ. ಈ ವಯಸ್ಸಿನಲ್ಲಿ ಮೊಣಕಾಲನ್ನು ಎಳೆದುಕೊಂಡು ಓಡಾಡುವುದೇ ಹೆಚ್ಚು, ಅದರ ಜೊತೆಗೆ ಈ ಸುಳ್ಳನ್ನೂ ಹೊತ್ತುಕೊಂಡು — ಸಾಕಾಗಿದೆ. ಇದನ್ನು ನಿಮ್ಮ ಜೊತೆ ಉಷಾಳೂ ಓದಬೇಕು. ಅದಕ್ಕೇ ನಿಮಗೆ ಗೊತ್ತಿರುವುದನ್ನೂ ಮೊದಲಿನಿಂದ ಬರೆಯುತ್ತಿದ್ದೇನೆ, ಬೇಸರ ಮಾಡಿಕೊಳ್ಳಬೇಡಿ.

ಎಪ್ಪತ್ತರ ದಶಕ. ನಾವಿದ್ದದ್ದು ರಾಜಾಜಿನಗರದ ಬಾಡಿಗೆ ಮನೆಯಲ್ಲಿ — ಅಮ್ಮ, ಅಣ್ಣ, ನೀವು, ನಾನು, ಒಂಬತ್ತು ತಿಂಗಳ ಉಷಾ. ನನಗೆ ಹತ್ತೊಂಬತ್ತು ವರ್ಷ, ತಲೆ ತುಂಬ ಸಿನಿಮಾ. ಬೆಂಗಳೂರಿಗೆ ಟೀವಿ ಇನ್ನೂ ಬಂದಿರಲಿಲ್ಲ. ಯಾವ ಹಾಡನ್ನು ಎಲ್ಲಿ ತೆಗೆದರು ಎಂದು ಪತ್ರಿಕೆಯಲ್ಲಿ ಬಂದರೆ ಕತ್ತರಿಸಿ ನೋಟ್‌ಬುಕ್ಕಿಗೆ ಅಂಟಿಸುತ್ತಿದ್ದೆ. ಮೈಸೂರು ರಸ್ತೆಯ ಉದ್ದಕ್ಕೂ ಅಂಥ ಏಳೆಂಟು ಜಾಗಗಳಿದ್ದವು. ಅವನ್ನೆಲ್ಲ ಒಂದು ಸಲ ಕಣ್ಣಾರೆ ನೋಡಬೇಕೆಂದು ನಾನು ಹಟ ಹಿಡಿದೆ. ಗೋವಿಂದರಾಜನಗರದ ವ್ಯಾಪಾರಸ್ಥರ ಮನೆಯಲ್ಲಿ ನನಗೆ ಗಂಡು ಗೊತ್ತಾಗಿತ್ತು. “ಮದ್ವೆ ಆಗಿ ಹೋಗೋಳು, ಅವಳ ಆಸೆನೂ ಒಂದು ಆಗಿಹೋಗ್ಲಿ ಬಿಡು,” ಎಂದು ಅಣ್ಣ ಸ್ನೇಹಿತನ ಹಳೇ ಕಾರು ಕೇಳಿ ತಂದ. ನಿಮಗೆ ಮನಸ್ಸಿರಲಿಲ್ಲ. ಹಾಲು ಕುಡಿಯುವ ಮಗುವನ್ನು ಅಷ್ಟು ದೂರ ಯಾಕೆ ಎಂದು ಎರಡು ಸಲ ಹೇಳಿದಿರಿ. ನಾನು ಮುಖ ಸಣ್ಣದು ಮಾಡಿಕೊಂಡೆ, ನೀವು ಒಪ್ಪಿದಿರಿ.

ಹೊರಡುವ ಬೆಳಿಗ್ಗೆ ನನಗೆ ಚೆನ್ನಾಗಿ ನೆನಪಿದೆ. ಐದಕ್ಕೇ ಎದ್ದು ಪುಳಿಯೋಗರೆ ಕಲಸಿದಿರಿ, ಫ್ಲಾಸ್ಕಿಗೆ ಬಿಸಿನೀರು ತುಂಬಿದಿರಿ, ಮಗುವಿನ ಬಟ್ಟೆಗಳನ್ನು ಮಡಿಸಿ ಬುಟ್ಟಿಗೆ ಹಾಕಿದಿರಿ. ಕೊನೆಗೆ ಬಾಗಿಲ ಹತ್ತಿರ ಉಷಾಳನ್ನು ಸೊಂಟಕ್ಕೆ ಎತ್ತಿಕೊಂಡು, ಕಾಡಿಗೆ ಡಬ್ಬಿಯಲ್ಲಿ ಬೆರಳು ಅದ್ದಿ, ಎಡಗೆನ್ನೆಗೆ ಒಂದು ದೊಡ್ಡ ಬೊಟ್ಟಿಟ್ಟಿರಿ. ಅಣ್ಣ ಹಾರನ್ ಹೊಡೆಯುತ್ತಿದ್ದ. ಮನೆಯಲ್ಲೇ ಉಳಿಯಲಿದ್ದ ಅಮ್ಮ ದೇವರ ಕೋಣೆಯಲ್ಲಿದ್ದರು. ನೋಡಿದವಳು ನಾನೊಬ್ಬಳೇ. ದಾರಿಯುದ್ದಕ್ಕೂ ಮಗು ಹಿಂದಿನ ಸೀಟಿನಲ್ಲಿ ನನ್ನ ಮಡಿಲಲ್ಲೇ ಇತ್ತು.

ಕೆಂಗೇರಿ ದಾಟಿದ ಮೇಲೆ ನನ್ನ ಪಟ್ಟಿಯ ಮೊದಲ ಜಾಗ — ನಾಯಕಿ ಉಯ್ಯಾಲೆ ಆಡಿದ ಹುಣಸೆ ತೋಪು. ಹೋಗಿ ನೋಡಿದರೆ ಬರೀ ಮರಗಳು, ಮೂರು ಎಮ್ಮೆ. “ಇದೇನಾ ನಿನ್ ಸ್ವರ್ಗ?” ಎಂದು ಅಣ್ಣ ರೇಗಿಸಿದ. ನೀವು ನಕ್ಕಿರಿ. ನಿಮ್ಮ ಆ ನಗು — ಆಮೇಲೆ ಹಾಗೆ ನಕ್ಕಿದ್ದನ್ನು ನಾನು ನೋಡಿಲ್ಲ.

ರಾಮನಗರದ ಬಂಡೆಗಳ ಹತ್ತಿರ ಬರುವಷ್ಟರಲ್ಲಿ ಕಾರಿನ ಇಂಜಿನ್ ಕಾದು ಹೊಗೆ ಬಂತು. ಅಣ್ಣ ನೀರು ಹುಡುಕಿಕೊಂಡು ಹೊರಟ. ಒದ್ದೆ ಮಾಡಿದ ಬಟ್ಟೆಗಳು ರಾಶಿಯಾಗಿದ್ದವು, ಕೆರೆಯಲ್ಲಿ ಹಿಂಡಿಕೊಂಡು ಬರುತ್ತೇನೆಂದು ನೀವೂ ಅವನ ಹಿಂದೆ ಹೋದಿರಿ. “ಮರದ ನೆರಳು ಬಿಟ್ಟು ಎಲ್ಲೂ ಹೋಗ್ಬೇಡ ಶಾಂತಾ. ಈಗ ತಾನೇ ಮಲಗಿದಾಳೆ,” ಎಂದಿರಿ.

ಬಂಡೆಯ ಆಚೆ ಶೂಟಿಂಗ್ ನಡೆಯುತ್ತಿತ್ತು. ನಿಜವಾದ ಶೂಟಿಂಗ್! ದೊಡ್ಡ ದೊಡ್ಡ ಬೆಳ್ಳಿ ಹಲಗೆಗಳಿಂದ ಬಿಸಿಲನ್ನು ತಿರುಗಿಸುತ್ತಿದ್ದರು. ನನ್ನ ಕಾಲು ತಾನಾಗಿಯೇ ಆ ಕಡೆ ಹೋಯಿತು ಎಂದು ಬರೆಯಲು ಹೊರಟಿದ್ದೆ — ಇಲ್ಲ, ನಾನೇ ಹೋದೆ. ಮಗುವನ್ನು ಹೆಗಲಿಗೆ ಹಾಕಿಕೊಂಡು ಹೋದೆ. ಅವರು ಕರೆತಂದಿದ್ದ ಮಗು ಒಂದೇ ಸಮ ಕಿರುಚುತ್ತಿತ್ತು. ಟೋಪಿ ಹಾಕಿದವನೊಬ್ಬ ನನ್ನ ಹತ್ತಿರ ಓಡಿ ಬಂದ. “ಏನಮ್ಮಾ, ನಿಮ್ ಮಗು ಚೆನ್ನಾಗಿ ಮಲಗಿದೆ. ಐದ್ ನಿಮಿಷ ಕೊಡ್ತೀರಾ? ಬರೀ ಮಲಗಿದ್ರೆ ಸಾಕು.”

ನಾಯಕಿ ನನ್ನ ಕಡೆ ನೋಡಿ ನಕ್ಕಳು. ಅಷ್ಟೇ ಅತ್ತಿಗೆ. ಅಷ್ಟಕ್ಕೇ ನಾನು ನಿಮ್ಮ ಮಗುವನ್ನು ಕೊಟ್ಟುಬಿಟ್ಟೆ.

ಬಂಡೆಯ ಮೇಲೆ ಬಿಳಿ ಬಟ್ಟೆ ಹಾಸಿ, ಹೂವಿನ ಎಸಳು ಉದುರಿಸಿದಾಗ ನನಗೆ ಅರ್ಥವಾಯಿತು — ಅದು ಸತ್ತ ಮಗುವಿನ ದೃಶ್ಯ. ಆಗಲಾದರೂ ಬೇಡ ಎನ್ನಬಹುದಿತ್ತು. ಬಾಯಿ ತೆರೆದೆ ಕೂಡ. ಅಷ್ಟರಲ್ಲಿ ಕ್ಯಾಮೆರಾ ಹಿಂದಿನಿಂದ ಯಾರೋ ಕೂಗಿದರು: “ಕೆನ್ನೆ ಮೇಲಿನ ಬೊಟ್ಟು ಒರ್ಸಮ್ಮ. ಸತ್ತ ಮಗೂಗೆ ಯಾರು ದೃಷ್ಟಿಬೊಟ್ಟು ಇಡ್ತಾರೆ?”

ಸೆರಗಿನ ತುದಿಯನ್ನು ಎಂಜಲು ಮಾಡಿ ಒರೆಸಿದೆ. ಒಂದೇ ಸಲಕ್ಕೆ ಹೋಗಲಿಲ್ಲ, ಉಜ್ಜಬೇಕಾಯಿತು. ಉಷಾ ನಿದ್ದೆಯಲ್ಲೇ ಮುಖ ಕಿವುಚಿದಳು.

ಐದು ನಿಮಿಷ ಮುಕ್ಕಾಲು ಗಂಟೆಯಾಯಿತು. ನಾಯಕಿ ಅಳುತ್ತಾಳೆ, ಯಾರೋ ಸರಿಯಾಗಲಿಲ್ಲ ಎನ್ನುತ್ತಾರೆ, ಮತ್ತೆ ಅಳುತ್ತಾಳೆ. ಮೇಲೆ ಮಧ್ಯಾಹ್ನದ ಬಿಸಿಲು, ಕೆಳಗೆ ಕಾದ ಬಂಡೆ, ಪಕ್ಕದಿಂದ ಆ ಹಲಗೆಗಳ ಝಳ. ನಾನು ಬದಿಗೆ ನಿಂತು ನಾಯಕಿಯ ಸೀರೆ ನೋಡುತ್ತಿದ್ದೆ.

ನೀವು ಬರುವ ಹೊತ್ತಿಗೆ ಮರದಡಿ ವಾಪಸು ಬಂದು ಕೂತಿದ್ದೆ. ಮಗುವಿನ ಮೈ ಕೆಂಪಾಗಿತ್ತು. ನೀವು ನೋಡಿದ್ದು ಮೊದಲು ಕೆನ್ನೆಯನ್ನು. “ಅಯ್ಯೋ, ಬೊಟ್ಟೆಲ್ಲಿ?” ಎಂದಿರಿ. ನನ್ನ ಸೆರಗಿನ ತುದಿಯ ಕಪ್ಪನ್ನು ಮುಷ್ಟಿಯಲ್ಲಿ ಅಡಗಿಸಿಕೊಂಡು ನಾನು ಹೇಳಿದೆ — “ನೀವು ಇಡ್ಲೇ ಇಲ್ವಲ್ಲ ಅತ್ತಿಗೆ. ಗಡಿಬಿಡೀಲಿ ಮರ್ತಿರ್ಬೇಕು.”

ನೀವು ನಂಬಿದಿರಿ. ವಾದ ಮಾಡಿದ್ದರೆ ಬಹುಶಃ ಅಲ್ಲೇ ನಿಜ ಬಾಯಿಬಿಡುತ್ತಿದ್ದೆನೋ ಏನೋ. ಆದರೆ ನೀವು ನಿಮ್ಮ ಬೆರಳು ನೋಡಿಕೊಂಡಿರಿ. ಕಾಡಿಗೆಯ ಗುರುತು ಇದೆಯೇ ಎಂದು ನೋಡಿಕೊಂಡಿರಬೇಕು. ಬಟ್ಟೆ ಒಗೆದು ಬಂದ ಕೈ, ಎಲ್ಲ ತೊಳೆದುಹೋಗಿತ್ತು.

ಮಾರನೆಯ ದಿನ ಜ್ವರ. ಮೂರನೆಯ ದಿನ ಫಿಟ್ಸ್. ಆಸ್ಪತ್ರೆಯಲ್ಲಿ ಹನ್ನೆರಡು ದಿನ. ಮಗು ಉಳಿಯಿತು, ಎಲ್ಲರೂ ದೇವರಿಗೆ ಕೈಮುಗಿದೆವು. ಎರಡು ತಿಂಗಳಾದ ಮೇಲೆ ಒಂದು ಸಂಜೆ ಅಡುಗೆಮನೆಯಲ್ಲಿ ಹಿತ್ತಾಳೆ ತಪ್ಪಲೆ ಕೆಳಗೆ ಬಿತ್ತು. ನಾವೆಲ್ಲ ಬೆಚ್ಚಿಬಿದ್ದೆವು. ಅದರ ಪಕ್ಕದಲ್ಲೇ ಕೂತಿದ್ದ ಉಷಾ ತಿರುಗಿ ನೋಡಲಿಲ್ಲ.

ಬಿಸಿಲಿನಿಂದ ಹಾಗಾಯಿತೇ? ಡಾಕ್ಟರು ಮಿದುಳಿನ ಜ್ವರ ಎಂದರು, ಅದು ಯಾರಿಗಾದರೂ ಬರಬಹುದು ಎಂದರು. ಆ ಮಾತನ್ನು ಹಿಡಿದುಕೊಂಡು ನಾನು ಎಷ್ಟೋ ವರ್ಷ ನಿದ್ದೆ ಮಾಡಿದ್ದೇನೆ. ಆದರೆ ಅಮ್ಮನಿಗೆ ಡಾಕ್ಟರ ಮಾತು ಬೇಕಿರಲಿಲ್ಲ. “ಹೆತ್ತೋಳಿಗೆ ಒಂದು ಬೊಟ್ಟಿಡೋಕೆ ನೆನಪಿಲ್ಲ, ಸಿನಿಮಾ ಜಾಗ ನೋಡೋಕೆ ನೆನಪಿತ್ತು,” ಎಂದು ಬಂದವರ ಮುಂದೆಲ್ಲ ಅಂದರು. ಆಸೆ ನನ್ನದು, ಬೈಗುಳ ನಿಮಗೆ. ನಾನು ಅಲ್ಲೇ ಇರುತ್ತಿದ್ದೆ, ಕಾಫಿ ಲೋಟ ಎತ್ತಿಕೊಂಡು ಒಳಗೆ ಹೋಗುತ್ತಿದ್ದೆ. ಸಿನಿಮಾದವರ ಮಧ್ಯೆ ಹೋಗಿ ನಿಂತಿದ್ದೆ ಎಂದು ಗಂಡಿನ ಮನೆಗೆ ಗೊತ್ತಾದರೆ ಮದುವೆ ಮುರಿಯುತ್ತದೆಂದು ಮೊದಲು ಹೆದರಿದೆ. ಮದುವೆಯಾಯಿತು, ಮಕ್ಕಳಾದವು, ಆರ್‌ಪಿಸಿ ಲೇಔಟಿನಲ್ಲಿ ಮನೆಯೂ ಆಯಿತು. ಆಮೇಲೆ ಯಾಕೆ ಹೇಳಲಿಲ್ಲ? ಗೊತ್ತಿಲ್ಲ. ಅಮ್ಮ ಹೋದರು. ಅಣ್ಣನೂ ಹೋದ — ನಿಮ್ಮದೇ ತಪ್ಪು ಎಂದು ನಂಬಿಕೊಂಡೇ ಹೋದ. ಅದನ್ನು ನಾನು ಇನ್ನು ಸರಿ ಮಾಡಲಾರೆ.

ಹೋದ ತಿಂಗಳು ಕೆಂಗೇರಿ ಉಪನಗರದ ನಿಮ್ಮ ಮನೆಗೆ ಬಂದಿದ್ದೆನಲ್ಲ, ಮಧ್ಯಾಹ್ನ ಟೀವಿಯಲ್ಲಿ ಹಳೇ ಕಪ್ಪು-ಬಿಳುಪು ಚಿತ್ರ ಬರುತ್ತಿತ್ತು. ನೀವು ಅವರೆಕಾಯಿ ಬಿಡಿಸುತ್ತಿದ್ದಿರಿ. ಉಷಾ ನೆಲದ ಮೇಲೆ ಕೂತು ನಟರ ತುಟಿ ನೋಡುತ್ತಿದ್ದಳು. ಬಂಡೆಗಳು ಬಂದವು. ಬಿಳಿ ಬಟ್ಟೆ ಬಂತು. ನಾಯಕಿ ಅತ್ತಳು. ಮಗುವಿನ ಮುಖ ಬಂದುಹೋಯಿತು — ಮೂರು ಉಸಿರಿನಷ್ಟು ಹೊತ್ತು, ಹೆಚ್ಚಿಲ್ಲ. ನೀವು ತಲೆಯೆತ್ತಿ ನೋಡಿ, “ಪಾಪ, ಯಾರ ಮಗುನೋ. ಕೆನ್ನೆ ಮೇಲೆ ಒಂದು ಬೊಟ್ಟೂ ಇಲ್ಲ ನೋಡು. ಅದರ ತಾಯಿನೂ ನನ್ನಂಥೋಳೇ ಇರ್ಬೇಕು,” ಎಂದಿರಿ. ಮತ್ತೆ ಅವರೆಕಾಯಿಗೆ ಕೈ ಹಾಕಿದಿರಿ.

ಆಗಲೂ ನಾನು ಹೇಳಲಿಲ್ಲ. ಬಸ್ಸಿಗೆ ಹೊತ್ತಾಯಿತು ಎಂದು ಎದ್ದುಬಂದೆ.

ಕ್ಷಮಿಸಿ ಎಂದು ಕೇಳುವುದಿಲ್ಲ. ಕೇಳುವ ಮುಖ ನನಗಿಲ್ಲ. ಭಾನುವಾರ ಬರುತ್ತೇನೆ, ಇದನ್ನು ನಿಮ್ಮಿಬ್ಬರ ಕೈಗೇ ಕೊಡುತ್ತೇನೆ. ನೀವು ಓದಿ ಮುಗಿಸುವ ತನಕ ಎದುರಿಗೇ ಕೂತಿರುತ್ತೇನೆ. ಎದ್ದು ಹೋಗು ಎಂದರೆ ಹೋಗುತ್ತೇನೆ.

ಒಂದು ಮಾತು ಮಾತ್ರ ಉಳಿದಿದೆ. ಆ ಜ್ವರದ ನಂತರ ಉಷಾಗೆ ಬೊಟ್ಟಿಟ್ಟಾಗಲೆಲ್ಲ ನಿಮಗೆ ನಿಮ್ಮ ಮೇಲೇ ನಂಬಿಕೆ ಇರುತ್ತಿರಲಿಲ್ಲ. ದಿನವೂ ನನ್ನನ್ನು ಕರೆದು ಕೆನ್ನೆ ತೋರಿಸುತ್ತಿದ್ದಿರಿ — “ಶಾಂತಾ, ಇಟ್ಟಿದೀನಿ ಅಲ್ವಾ? ನೋಡಿ ಹೇಳು.” ನಾನು ನೋಡಿ ಹೇಳುತ್ತಿದ್ದೆ, “ಇಟ್ಟಿದೀರಿ ಅತ್ತಿಗೆ.”

ಆ ಬೆಳಿಗ್ಗೆಯೂ ಇಟ್ಟಿದ್ದಿರಿ ಅತ್ತಿಗೆ. ನಾನು ನೋಡಿದ್ದೆ.