ಅಕ್ಕನ ಬೆರಳಿಗೆ ಸಿಗುವ ಬೀಗ

ಪರೀಕ್ಷೆ ಇದ್ದುದರಿಂದ ಆ ದಿನ ನಾನು ಕಲಿಸುವ ಕಾರವಾರದ ಶಾಲೆ ಮಧ್ಯಾಹ್ನಕ್ಕೇ ಬಿಟ್ಟಿತ್ತು. ಬಸ್ಸಿಳಿದು ಅಂಕೋಲೆಯ ಬೊಬ್ರುವಾಡದ ಮನೆಗೆ ಬಂದರೆ ಅಕ್ಕ ಹೊರಗೆ ಮೆಟ್ಟಿಲ ಮೇಲೆ ಕೂತಿದ್ದಳು. ಪಕ್ಕದಲ್ಲಿ ಮೀನಿನ ಚೀಲ, ಮಡಿಲಲ್ಲಿ ಬೀಗದಕೈ. ಚೀಲಕ್ಕೆ ಆಗಲೇ ಇರುವೆ ಮುತ್ತಿತ್ತು.

"ಇಲ್ಲೆಂತಕ್ಕೆ ಕೂತ್ಕಂಡಿದ್ಯೇ ಅಕ್ಕ?"

"ಬೀಗ ತುಕ್ಕು ಹಿಡದದೆ. ಎಷ್ಟು ತಿರುಗ್ಸಿದ್ರೂ ತೆಗಿಯೂಕೆ ಬರೂದಿಲ್ಲ."

ನಾನು ಕೈ ಹಾಕಿ ತಿರುಗಿಸಿದೆ. ಸಲೀಸಾಗಿ ತೆರೆಯಿತು. "ನಿನ್ ಕೈಗೆ ಬರ್ತದೆ ನೋಡು, ನಂಗೆ ಬರೂದಿಲ್ಲ" ಎಂದು ಅಕ್ಕ ನಕ್ಕಳು. ನಾನೂ ನಕ್ಕು ಒಳಗೆ ಹೋದೆ.

ಮನೆಯಲ್ಲಿ ನಾವಿಬ್ಬರೇ. ಅಪ್ಪ, ಆಯಿ ಬೇಗ ತೀರಿಹೋದರು. ಅಕ್ಕ ಹೊಲಿಗೆ ಯಂತ್ರ ತುಳಿದು ನನ್ನನ್ನು ಓದಿಸಿದಳು. ಇಬ್ಬರಿಗೂ ಮದುವೆಯಾಗಲಿಲ್ಲ, ಅದಕ್ಕೆ ದೊಡ್ಡ ಕಾರಣವೇನಿರಲಿಲ್ಲ, ವರ್ಷಗಳು ಹಾಗೇ ಕಳೆದವು. ರವಿಕೆ ಹೊಲಿಸುವ ಹೆಂಗಸರು ಬಂದುಹೋಗುತ್ತಿದ್ದ ಕಾಲದಲ್ಲಿ ನಮ್ಮ ಬಾಗಿಲು ಹಗಲೆಲ್ಲ ತೆರೆದೇ ಇರುತ್ತಿತ್ತು. ಈಚೆಗೆ ಅಕ್ಕ ಹೊಲಿಗೆಗೆ ಹೊಸದಾಗಿ ಬಟ್ಟೆ ತೆಗೆದುಕೊಳ್ಳುವುದನ್ನು ನಿಲ್ಲಿಸಿದ್ದಳು. ಬೆನ್ನುನೋವು ಎಂದಿದ್ದಳು.

ನಮ್ಮ ಶಾಲೆಯಲ್ಲಿ ಕಲಿಸುವ ಇನ್ನೊಬ್ಬ ಅಕ್ಕೋರು ತಮ್ಮ ಮನೆಗೆ ಅಂಕಿ ಒತ್ತಿ ತೆಗೆಯುವ ಬೀಗ ಹಾಕಿಸಿದ್ದರು. ಕೀಯ ಗೋಜಿಲ್ಲ, ತುಕ್ಕಿನ ತಂಟೆಯಿಲ್ಲ ಎಂದರು. ಮುಂದಿನ ಶನಿವಾರ ಅಕ್ಕನನ್ನು ಕರೆದುಕೊಂಡು ಕಾರವಾರದ ಅಂಗಡಿಗೆ ಹೋದೆ.

ಅಂಗಡಿಯವರು ಮೊದಲು ತೆಗೆದಿಟ್ಟದ್ದು ಕಪ್ಪು ಗಾಜಿನ ಹಲಗೆಯಂಥ ಬೀಗ. ಅಂಗೈ ತಾಗಿಸಿದರೆ ಅಂಕಿಗಳು ಹೊಳೆಯುತ್ತಿದ್ದವು.

"ಅಕ್ಕೋರೇ, ಇದು ಈಗ ಭಾಳ ಹೋಗ್ತದೆ. ಬೆರಳಚ್ಚೂ ಇದೆ, ಅಂಕಿನೂ ಇದೆ. ಫೋನಿಂದನೂ ತೆಗೀಬಹುದು" ಎಂದು ಅದನ್ನು ಅಕ್ಕನತ್ತ ತಿರುಗಿಸಿದರು. "ಅಮ್ಮಾ, ನೀವೇ ಒತ್ತಿ ನೋಡಿ. ಒಂದು, ಎರಡು, ಮೂರು, ನಾಲ್ಕು."

ಅಕ್ಕ ಕೈ ಚಾಚಿದಳು. ಬೆರಳು ಗಾಜಿನ ಅಂಚು ದಾಟಿ ಮೇಜಿನ ಮೇಲೆ ಒತ್ತಿತು. ಹಿಂದಕ್ಕೆ ಎಳೆದು ಮತ್ತೆ ಒತ್ತಿದಳು. ಅದು ಗಾಜಿನ ಮೇಲೆ ಬಿತ್ತು, ಆದರೆ ಅಂಕಿಯೇ ಇಲ್ಲದ ಕಡೆ. ಅಂಕಿಗಳು ಮಾತ್ರ ಅವಳ ಕಣ್ಣೆದುರೇ ಬೆಳಗುತ್ತಿದ್ದವು.

"ಇದ್ರಲ್ಲಿ ಅಂಕಿ ಎಲ್ಲಿ ಬರದಿದ್ದಾರೆ?" ಎಂದು ಕೇಳಿದಳು.

ಅಂಗಡಿಯವರು ನನ್ನ ಮುಖ ನೋಡಿದರು. ಅವರು ಗಾಜಿನ ಬೀಗವನ್ನು ಸರಿಸಿ, ಒಳಗಿನಿಂದ ಇನ್ನೊಂದನ್ನು ತಂದಿಟ್ಟರು. ಅದಕ್ಕೆ ಉಬ್ಬಿದ ಗುಂಡಿಗಳಿದ್ದವು. ಅಕ್ಕ ಎರಡೂ ಕೈಯಿಂದ ಅದನ್ನು ಹಿಡಿದು, ಬಟ್ಟೆಯ ನೇಯ್ಗೆ ಪರೀಕ್ಷಿಸುವ ಹಾಗೆ ಮೆಲ್ಲಗೆ ಸವರಿದಳು. ಆಮೇಲೆ ನೋಡುತ್ತೇವೆ ಎಂದು ಹೇಳಿ ನಾನು ಅವಳ ರಟ್ಟೆ ಹಿಡಿದು ಹೊರಗೆ ಕರೆತಂದೆ.

ಬಸ್‌ಸ್ಟ್ಯಾಂಡಿನ ಕಟ್ಟೆಯ ಮೇಲೆ ಕೂತಾಗ ಕೇಳಿದೆ. "ಎಷ್ಟು ಕಾಣ್ತದೆ ನಿಂಗೆ?"

"ಬಲಗಣ್ಣಲ್ಲಿ ಕಿಂಡಿಯಷ್ಟು. ಅದೂ ಮಂಜು ಮಂಜು. ಎಡಗಣ್ಣಲ್ಲಿ ಎಂತಾ ಇಲ್ಲ."

"ನಂಗೆ ಎಂತಕ್ಕೆ ಹೇಳ್ಲಿಲ್ಲ?"

"ಹೇಳಿದ್ರೆ ನೀ ಸಾಲೆ ಬಿಟ್ಟು ಮನೇಲಿ ಕೂತ್ಕಳ್ತಿದ್ದೆ. ನಿನ್ ಸಾಲೆ ಬಿಡ್ಸೂಕೆ ಇಷ್ಟು ವರ್ಷ ಹೊಲಿದ್ನೇನೇ ತಂಗೀ?"

ಅಂಕೋಲೆಯ ಬಸ್ಸು ಬಂತು. ನಾವು ಏಳಲಿಲ್ಲ. ಅದು ಹೋದ ಮೇಲೆ ಅವಳನ್ನು ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಕಣ್ಣಿನ ಒಳಗಿನ ಒತ್ತಡ ಏರಿ ನರ ಸತ್ತಿದೆ, ಹೋದ ದೃಷ್ಟಿ ಮರಳುವುದಿಲ್ಲ, ಉಳಿದಿದ್ದನ್ನು ಸ್ವಲ್ಪ ಕಾಲ ಹಿಡಿದಿಡಲು ಹನಿ ಕೊಡುತ್ತೇನೆ ಎಂದರು ಅವರು. ಅಕ್ಕ ಎಲ್ಲವನ್ನೂ ಕೇಳಿಸಿಕೊಂಡು, "ಹನಿ ನಾನೇ ಹಾಕ್ಕಳ್ಳೂಕೆ ಬರ್ತದಾ?" ಎಂದಷ್ಟೇ ಕೇಳಿದಳು.

ಮತ್ತೆ ಅದೇ ಅಂಗಡಿಗೆ ಹೋದೆವು. ಈ ಸಲ ಪ್ರಶ್ನೆ ಕೇಳಿದ್ದೆಲ್ಲ ಅಕ್ಕನೇ. ಬೆರಳಚ್ಚಿನದೇ ಸುಲಭವಲ್ಲವೇ ಎಂದು ನಾನೆಂದರೆ, "ನನ್ ಕೈ ಹಗಲೆಲ್ಲ ನೀರಲ್ಲೇ ಇರ್ತದೆ. ಒದ್ದೆ ಬೆರಳನ್ನ ಅದು ಒಪ್ಪೂದಿಲ್ಲ ಅಂದ್ರೆ ಮತ್ತೆ ಮೆಟ್ಟಿಲೇ ಗತಿ" ಎಂದಳು. ಸೆಲ್ ಮುಗಿದರೆ ಏನು ಗತಿ? ಮುಗಿಯುವ ಮೊದಲೇ ಕೂಗಿ ತಿಳಿಸುತ್ತದಂತೆ, ಜೊತೆಗೆ ಕೀಯೂ ಇರುತ್ತದಂತೆ. ಉಪ್ಪುಗಾಳಿಗೆ ತಡೆಯುತ್ತದೆಯೇ? ಮೇಲೊಂದು ಮುಚ್ಚಳ ಹಾಕಿಸಿ ಎಂದರು. ಕೊನೆಗೆ ಉಬ್ಬು ಗುಂಡಿಯದನ್ನೇ ಆರಿಸಿದಳು. ಅದರ ನಡುವಿನ ಗುಂಡಿಯ ಮೇಲೆ ಸಣ್ಣ ಚುಕ್ಕೆಯೊಂದು ಮೂಡಿತ್ತು.

ಬೀಗ ಕೂರಿಸಲು ಬಂದವನು, "ಎಷ್ಟು ಜನರ ಅಂಕಿ ಹಾಕ್ಬೇಕು? ಇದ್ರಲ್ಲಿ ಬೇಕಾದಷ್ಟು ಜನಕ್ಕೆ ಜಾಗ ಇದೆ" ಎಂದ.

"ನಾವಿಬ್ರು" ಎಂದೆ.

"ಬಾಜು ಮನೆ ಕಾಕಿಗೂ ಒಂದು ಹಾಕಿ" ಎಂದಳು ಅಕ್ಕ. "ನಾ ಒಳಗೆ ಜಾರಿ ಬಿದ್ರೆ ಯಾರಾದ್ರೂ ಬರೂಕೆ ಬೇಕಲ್ಲ." ಅದನ್ನು ಅವಳು ಎಷ್ಟು ಸಹಜವಾಗಿ ಹೇಳಿದಳೆಂದರೆ, ಈ ಯೋಚನೆ ಅವಳಿಗೆ ಹೊಸದಲ್ಲ ಎಂದು ತಿಳಿಯಿತು. ನಾನು ಶಾಲೆಯಲ್ಲಿದ್ದ ಎಷ್ಟೋ ಹಗಲು ಅವಳು ಇದನ್ನೇ ಯೋಚಿಸಿರಬೇಕು.

ಬಾಗಿಲು ತಾನಾಗಿಯೇ ಬೀಗ ಹಾಕಿಕೊಳ್ಳುವುದು ಬೇಡ, ಬೆನ್ನ ಹಿಂದೆ ಕಟ್ ಎಂದು ಸದ್ದಾದರೆ ಎದೆ ಹಾರುತ್ತದೆ ಎಂದಳು. ಆ ಏರ್ಪಾಡನ್ನು ತೆಗೆಸಿದೆವು. ಅಂಕಿ ಕಲಿಸುವಾಗಲೂ ಅವಳದೇ ದಾರಿ. "ಅಂಕಿ ಹೇಳ್ಬೇಡ, ಬೆರಳು ಎತ್ಲಾಗೆ ಹೋಗ್ಬೇಕು ಹೇಳು." ಚುಕ್ಕೆಯಿಂದ ಮೇಲೆ, ಅಲ್ಲಿಂದ ಬಲಕ್ಕೆ, ಮತ್ತೆ ಕೆಳಗೆ ಎಂದು ಹೇಳಿಕೊಟ್ಟೆ. ಬಾಗಿಲ ಹೊರಗೆ ನಿಂತು ಅವಳು ಒತ್ತುತ್ತಲೇ ಇದ್ದಳು. ಒಳಗೆ ಅನ್ನ ಬಸಿಯುತ್ತಾ ನಾನು ಆ ಸದ್ದು ಕೇಳುತ್ತಿದ್ದೆ. ತಪ್ಪಿದರೆ ಒಂದು ಸದ್ದು, ಸರಿಯಾದರೆ ಇನ್ನೊಂದು. ತಪ್ಪಿನ ಸದ್ದು ದಿನದಿನಕ್ಕೂ ಕಡಿಮೆಯಾಯಿತು.

ಆದರೆ ಹನಿಗಳಿಂದ ಹೆಚ್ಚೇನೂ ಆಗಲಿಲ್ಲ. ಮಳೆಗಾಲ ಮುಗಿಯುವ ಹೊತ್ತಿಗೆ ಆ ಕಿಂಡಿಯೂ ಮುಚ್ಚಿತು. ಹೊಲಿಗೆ ಯಂತ್ರವನ್ನು ಶೆಟಗೇರಿಯ ಒಬ್ಬ ಹೆಂಗಸಿಗೆ ಕೊಡುವುದೆಂದು ಅಕ್ಕನೇ ತೀರ್ಮಾನಿಸಿದಳು. ಆಕೆ ಹಿಂದೆ ನಮ್ಮ ಮನೆಯಲ್ಲೇ ಹೊಲಿಗೆ ಕಲಿತವಳು. ಆಕೆ ರಿಕ್ಷಾ ತಂದ ದಿನ ನಾವು ರಸ್ತೆಯವರೆಗೆ ಹೋಗಿ ಕರೆತಂದೆವು. ಬಾಗಿಲು ತೆರೆಯಲು ಅಕ್ಕನೇ ಮುಂದೆ ಬಂದಳು. ಮೊದಲ ಸಲ ತಪ್ಪಿತು. ಆ ಹೆಂಗಸು ಸಹಾಯಕ್ಕೆಂದು ಕೈ ಎತ್ತಿದಳು. ಬೇಡ ಎಂದು ಸನ್ನೆ ಮಾಡಿದೆ. ಎರಡನೆಯ ಸಲ ತೆರೆಯಿತು.

ಯಂತ್ರ ಕೊಡುವ ಮೊದಲು ಅಕ್ಕ ಅದರ ಚಕ್ರ ತಿರುಗಿಸಿ, "ಎಣ್ಣೆ ಹಾಕೂದು ಮರೀಬೇಡ. ದಪ್ಪ ಬಟ್ಟೆಗೆ ಸ್ವಲ್ಪ ತಕರಾರು ಮಾಡ್ತದೆ, ಗದರಬೇಡ" ಎಂದಳು. ಆ ಹೆಂಗಸು ಅಳುತ್ತಾ ಅವಳ ಕಾಲಿಗೆ ಬಿದ್ದಳು. ಅಕ್ಕ ಅಳಲಿಲ್ಲ. ರಿಕ್ಷಾ ಹೋದ ಮೇಲೆ ಗೋಡೆ ಸವರುತ್ತಾ ಯಂತ್ರ ಇದ್ದ ಜಾಗಕ್ಕೆ ಬಂದು ನಿಂತಳು.

"ಜಾಗ ಭಾಳ ದೊಡ್ಡದಾತಲ್ಲೇ" ಎಂದಳು.

"ಹೌದು."

"ಇಲ್ಲೊಂದು ಕುರ್ಚಿ ಹಾಕು. ನಿನ್ ಬಸ್ಸು ಬಂದದ್ದು ಇಲ್ಲಿಗೆ ಕೇಳ್ತದೆ."

ಮರುದಿನ ಶಾಲೆಗೆ ಹೊರಡುವ ಮೊದಲು ಕುರ್ಚಿ ಹಾಕಿದೆ.