ಐವತ್ತು ತೂತಿನ ಹಲಗೆ

ಅವಳು ಇಪ್ಪತ್ತೆರಡು ವರ್ಷ ಗುಡಿಸಿದ್ದು ಹಿತ್ತಾಳೆ. ಪಿಸ್ತೂಲು ಕ್ಲಬ್ಬಿನ ಉದ್ದನೆಯ ಕೋಣೆಯಲ್ಲಿ ಐದು ಜನ ಸಾಲಾಗಿ ನಿಂತು ದೂರದ ಕಾಗದದ ಗುರಿಗೆ ಹೊಡೆಯುತ್ತಾರೆ. ಒಂದೊಂದು ಹೊಡೆತಕ್ಕೂ ತೋಟಾದ ಖಾಲಿ ಹಿತ್ತಾಳೆ ಚಿಪ್ಪು ಪಿಸ್ತೂಲಿನ ಪಕ್ಕದಿಂದ ಹಾರಿ ನೆಲಕ್ಕೆ ಬೀಳುತ್ತದೆ. ಕಿರುಬೆರಳಿನ ಒಂದು ಗೆಣ್ಣಿಗಿಂತ ಚಿಕ್ಕ ಚಿಪ್ಪು. ಸಂಜೆ ಅಷ್ಟನ್ನೂ ಗುಡಿಸಿ ಡಬ್ಬಕ್ಕೆ ತುಂಬುವುದು ಅವಳ ಕೆಲಸ. ಗುಡಿಸಿ ಗುಡಿಸಿ ಅವಳಿಗೆ ಒಂದು ವಿದ್ಯೆ ಬಂದುಬಿಟ್ಟಿತ್ತು. ಚಿಪ್ಪು ಎಲ್ಲಿ ಬಿದ್ದಿದೆ ಎಂದು ನೋಡಿದರೆ ಸಾಕು, ಇವತ್ತು ಯಾರ ಕೈ ಸಡಿಲವಿತ್ತು, ಯಾವ ಪಿಸ್ತೂಲಿಗೆ ಎಣ್ಣೆ ಬೇಕು ಎಂದು ಹೇಳುತ್ತಿದ್ದಳು. ಓದಿದ್ದು ಮೂರನೆಯ ತರಗತಿ. ನೆಲ ಓದುವುದಕ್ಕೆ ಅಷ್ಟು ಸಾಕಾಗಿತ್ತು.

ಅವಳ ಗಂಡ ಅಲ್ಲೇ ಪಿಸ್ತೂಲು ರಿಪೇರಿ ಮಾಡುತ್ತಿದ್ದ. ಕೈಗೆ ಯಾವಾಗಲೂ ಎಣ್ಣೆ ಮೆತ್ತಿಕೊಂಡಿರುತ್ತಿದ್ದರಿಂದ ಎಲ್ಲರ ಬಾಯಲ್ಲೂ ಎಣ್ಣೆಯಣ್ಣ. ಮನೆಗೆ ಬಂದು ಮೂರು ಸಲ ಸೋಪು ಹಾಕಿ ತೊಳೆದರೂ ವಾಸನೆ ಹೋಗುತ್ತಿರಲಿಲ್ಲ. ಅವಳು ಬೈಯುತ್ತಿದ್ದಳು. ಈಗ ಆ ವಾಸನೆ ಉಳಿದಿರುವುದು ಅವನ ಒಂದು ಅಂಗಿಯಲ್ಲಿ ಮಾತ್ರ. ಅದನ್ನು ಅವಳು ಒಗೆದಿಲ್ಲ.

ನಾಲ್ಕು ತಿಂಗಳ ಹಿಂದೆ, ಒಂದು ಮಧ್ಯಾಹ್ನ, ರಿಪೇರಿ ಮೇಜಿನ ಮುಂದೆ ಕೂತವನು ಕೂತ ಹಾಗೇ ಹೋದ. ಕೈಯಲ್ಲಿ ಸ್ಕ್ರೂಡ್ರೈವರು ಇತ್ತು.

ಹೋಗುವ ಮೊದಲು ಅವನು ಮಾಡಿದ ಕೊನೆಯ ದೊಡ್ಡ ಕೆಲಸ, ಕ್ಲಬ್ಬಿಗೆ ಹೊಸ ಪಿಸ್ತೂಲು ಆರಿಸಿದ್ದು. ಅಂಗಡಿಗೆ ಮೂರು ಸಲ ಹೋಗಿ, ಬಿಚ್ಚಿ, ಜೋಡಿಸಿ, ಬೆಳಕಿಗೆ ಹಿಡಿದು ನೋಡಿ, ಇದೇ ಇರಲಿ ಎಂದು ಹೇಳಿ ಬಂದಿದ್ದ. ಅದು ಬರುವಷ್ಟರಲ್ಲಿ ಅವನಿರಲಿಲ್ಲ. ಅಂಗಡಿಯವರು ಒಂದು ತಿಂಗಳ ಗಡುವು ಕೊಟ್ಟಿದ್ದರು. ಹೊಡೆದು ನೋಡಿ, ಒಗ್ಗಿದರೆ ಇಟ್ಟುಕೊಳ್ಳಿ, ಇಲ್ಲದಿದ್ದರೆ ನಮ್ಮ ವ್ಯಾನು ಬಂದಾಗ ವಾಪಸು ಕೊಡಿ ಎಂದಿದ್ದರು. ಆ ವ್ಯಾನು ಬರುವುದು ಈ ಶನಿವಾರ.

ಪಿಸ್ತೂಲು ಒಗ್ಗಿರಲಿಲ್ಲ.

ಅದರಲ್ಲಿ ಹೊಡೆಯುತ್ತಿದ್ದವಳು ಅವಳ ನಾದಿನಿ, ಎಣ್ಣೆಯಣ್ಣನ ತಂಗಿ. ಅಂಚೆ ಕಚೇರಿಯಲ್ಲಿ ಹಗಲೆಲ್ಲ ಠಸ್ಸೆ ಹೊಡೆದು ಸಂಜೆ ಇಲ್ಲಿ ಬಂದು ಗುರಿ ಹೊಡೆಯುವವಳು. ಕ್ಲಬ್ಬಿನಲ್ಲಿ ಅವಳಷ್ಟು ಚೆನ್ನಾಗಿ ಹೊಡೆಯುವವರು ಬೇರೆ ಇರಲಿಲ್ಲ. ಹೊಸ ಪಿಸ್ತೂಲು ಅವಳ ಕೈಯಲ್ಲಿ ಐದಾರು ಗುಂಡು ಚೆನ್ನಾಗಿ ಹೋಗುತ್ತಿತ್ತು, ಆಮೇಲೆ ಮೊಂಡು ಹಿಡಿಯುತ್ತಿತ್ತು. ಹೊಡೆದಾಗ ಪಿಸ್ತೂಲಿನ ಮೇಲುಭಾಗ ಹಿಂದಕ್ಕೆ ಸರಿದು, ಖಾಲಿ ಚಿಪ್ಪನ್ನು ಎಸೆದು, ಮುಂದಿನ ತೋಟಾವನ್ನು ತಳ್ಳಿಕೊಂಡು ಮುಚ್ಚಿಕೊಳ್ಳಬೇಕು. ಇದು ಅರ್ಧ ಮುಚ್ಚಿ ನಿಂತುಬಿಡುತ್ತಿತ್ತು. ತೋಟಾ ಗಂಟಲಲ್ಲಿ ಸಿಕ್ಕಿಕೊಂಡ ಹಾಗೆ.

ಕ್ಲಬ್ಬಿನಲ್ಲಿ ಕಲಿಸುವ ಮೇಷ್ಟ್ರು ಸೋಮವಾರ ಎಲ್ಲರ ಮುಂದೆ ಹೇಳಿಯೇಬಿಟ್ಟರು.

"ಪಿಸ್ತೂಲೇ ಸರಿಯಿಲ್ಲ ಕಣಮ್ಮ. ಎಣ್ಣೆಯಣ್ಣನಿಗೆ ಕೊನೇಗೆ ಕಣ್ಣು ಮಂಜಾಗಿತ್ತೇನೋ."

ಅವಳು ಪೊರಕೆ ಗೋಡೆಗೆ ಒರಗಿಸಿದಳು.

"ಅವರ ಕಣ್ಣು ಸರಿಯಾಗೇ ಇತ್ತು. ತೋಟಾ ಬದಲಾಯಿಸಿ ನೋಡಿದ್ರಾ?"

"ಇದು ಬೀರುವಲ್ಲಿರೋದ್ರಲ್ಲೇ ದುಬಾರಿ ತೋಟಾ. ಇದಕ್ಕಿಂತ ಒಳ್ಳೇದು ಎಲ್ಲಿಂದ ತರಲಿ?"

"ದುಬಾರಿ ಅಂದ್ರೆ ಒಗ್ಗುತ್ತೆ ಅಂತಲ್ಲ ಮೇಷ್ಟ್ರೇ. ನಿಮ್ಮ ಹೊಸ ಶೂನೂ ದುಬಾರಿನೇ. ಕುಂಟ್ತಾ ಇದ್ದೀರಿ."

ನಾದಿನಿ ಮುಖ ಆ ಕಡೆ ತಿರುಗಿಸಿಕೊಂಡು ನಕ್ಕಳು. ಮೇಷ್ಟ್ರು ಶೂ ನೋಡಿಕೊಂಡರು. ಕೊನೆಗೆ ಒಪ್ಪಿದರು. ಬೀರುವಿನಲ್ಲಿ ಐದು ಬಗೆಯ ತೋಟಾ ಇದ್ದವು. ಮಂಗಳವಾರ ಮಧ್ಯಾಹ್ನ ಒಂದೊಂದರಲ್ಲೂ ಐವತ್ತು ಹೊಡೆದು ನೋಡುವುದು, ಯಾವುದೂ ಆಗದಿದ್ದರೆ ಶನಿವಾರ ವ್ಯಾನು ಹತ್ತಿಸುವುದು ಎಂದು ತೀರ್ಮಾನವಾಯಿತು.

ಗಂಡ ಹೋದ ಮೇಲೆ ಕ್ಲಬ್ಬಿನವರು ಅವಳಿಗೆ ಇನ್ನೊಂದು ಕೆಲಸ ಕೊಟ್ಟಿದ್ದರು. ಅದು ಹಲಗೆಯ ಕೆಲಸ. ಐವತ್ತು ತೂತು ಕೊರೆದ ಮರದ ಹಲಗೆಯನ್ನು ಗಂಡನೇ ಮಾಡಿದ್ದ. ಮೇಷ್ಟ್ರು ಬೀರು ತೆಗೆದು ಡಬ್ಬಿ ಕೊಟ್ಟರೆ, ತೋಟಾಗಳನ್ನು ಒಂದೊಂದಾಗಿ ಆ ತೂತುಗಳಲ್ಲಿ ನಿಲ್ಲಿಸಿ, ಹೊಡೆಯುವವರ ಪಕ್ಕ ಇಡಬೇಕು. ಅವನು ಇದ್ದಾಗ ಈ ಕೆಲಸವನ್ನು ಯಾರಿಗೂ ಬಿಟ್ಟುಕೊಟ್ಟವನಲ್ಲ. ಅವಳು ಅದನ್ನು ತನ್ನ ಮನೆಗೆಲಸದಷ್ಟೇ ಅಚ್ಚುಕಟ್ಟಾಗಿ ಮಾಡುತ್ತಿದ್ದಳು. ತೋಟಾದ ಸೀಸದ ತಲೆ ಮುಟ್ಟಿದರೆ ಅಂಟು ಅಂಟು ಎನ್ನುತ್ತಿತ್ತು. ಅಂಟಿದ್ದರೆ ಧೂಳು ಕೂರುತ್ತದೆ, ಧೂಳು ಕೂತರೆ ಕೆಡುತ್ತದೆ. ಹಾಗಾಗಿ ಅವನ ಹಳೆಯ ಬನಿಯನ್ನಿನ ತುಂಡೊಂದನ್ನು ಇಟ್ಟುಕೊಂಡು ಒಂದೊಂದನ್ನೂ ಒರೆಸಿ, ಫಳಫಳ ಮಾಡಿ ನಿಲ್ಲಿಸುತ್ತಿದ್ದಳು.

ಮಂಗಳವಾರ ಅವಳು ಐದು ಬಿಸ್ಕತ್ ಡಬ್ಬ ತಂದಳು, ಒಂದು ಬಗೆಯ ಚಿಪ್ಪಿಗೆ ಒಂದು ಡಬ್ಬ. ಒಂದು ಸೀಮೆಸುಣ್ಣದ ತುಂಡನ್ನೂ ತಂದಳು. ಚಿಪ್ಪು ಬಿದ್ದ ಜಾಗಕ್ಕೆ ನೆಲದ ಮೇಲೆ ಗುರುತು ಹಾಕಲು.

ದುಬಾರಿ ತೋಟಾ ಐವತ್ತರಲ್ಲಿ ನಾಲ್ಕು ಸಲ ಸಿಕ್ಕಿಕೊಂಡಿತು. ಎರಡನೆಯದು ಏಳು ಸಲ. ಮೂರನೆಯದು ಐದು, ನಾಲ್ಕನೆಯದು ಆರು. ಸಿಕ್ಕಿಕೊಂಡಾಗಲೆಲ್ಲ ನಾದಿನಿ ಪಿಸ್ತೂಲನ್ನು ಗುರಿಯ ಕಡೆಗೇ ಹಿಡಿದು, ಸಿಕ್ಕಿಕೊಂಡಿದೆ ಎಂದು ತೋರಿಸಲು ಎಡಗೈ ಮೇಲೆತ್ತಿ ನಿಲ್ಲಬೇಕು. ಮೇಷ್ಟ್ರು ಬಂದು ಬಿಡಿಸಬೇಕು. ನಾಲ್ಕನೆಯ ಡಬ್ಬಿ ಮುಗಿಯುವಾಗ ನಾದಿನಿಯ ತಾಳ್ಮೆಯೂ ಮುಗಿದಿತ್ತು.

"ಅತ್ತಿಗೆ, ಹೀಗೆ ಕೈ ಎತ್ತಿಕೊಂಡು ನಿಲ್ಲೋದಾದ್ರೆ ಅಂಚೆ ಕಚೇರೀಲೇ ನಿಲ್ತಿದ್ದೆ, ಅಲ್ಲಿ ಸಂಬಳನಾದ್ರೂ ಕೊಡ್ತಾರೆ," ಎಂದಳು.

ಐದನೆಯದು ನಡುಬೆಲೆಯ ತೋಟಾ. ಹಸಿರು ಡಬ್ಬಿ. ಅಷ್ಟು ಹೊತ್ತಿಗೆ ಮೇಷ್ಟ್ರಿಗೆ ಮನೆಗೆ ಹೋಗುವ ಅವಸರ. ಹಲಗೆಗೆ ಕಾಯದೆ ಡಬ್ಬಿಯಿಂದ ನೇರವಾಗಿ ತೋಟಾ ತೆಗೆದು ತಾವೇ ಪಿಸ್ತೂಲಿನ ಮ್ಯಾಗಜಿನ್ ಗೂಡಿಗೆ ತುಂಬಿ ಕೊಟ್ಟರು. ಐವತ್ತಕ್ಕೆ ಐವತ್ತೂ ಹೋದವು. ಚಿಪ್ಪುಗಳೆಲ್ಲ ಊಟದ ತಟ್ಟೆಯಷ್ಟು ಜಾಗದಲ್ಲಿ ಒಂದರ ಮೇಲೊಂದು ಬಿದ್ದಿದ್ದವು. ಅವಳು ಅದರ ಸುತ್ತ ಸೀಮೆಸುಣ್ಣದಲ್ಲಿ ಗೆರೆ ಎಳೆದು, ಸ್ವಲ್ಪ ಹೊತ್ತು ಹಾಗೇ ಕುಕ್ಕರುಗಾಲಲ್ಲಿ ಕೂತಳು. ಅವನ ಕಣ್ಣು ಮಂಜಾಗಿರಲಿಲ್ಲ.

ಅವತ್ತು ಮನೆಯಲ್ಲಿ ಅವಳು ಹೊಟ್ಟೆ ತುಂಬ ಉಂಡಳು. ನಾಲ್ಕು ತಿಂಗಳಲ್ಲಿ ಅದೇ ಮೊದಲು.

ಬುಧವಾರ ಹಸಿರು ಡಬ್ಬಿಯ ತೋಟಾವನ್ನೇ ಹಲಗೆಗೆ ಜೋಡಿಸಿದಳು. ಎಂದಿಗಿಂತ ಚೆನ್ನಾಗಿ ಒರೆಸಿದಳು. ನಾದಿನಿ ಹೊಡೆಯತೊಡಗಿದಳು. ಏಳನೆಯದು ಸಿಕ್ಕಿಕೊಂಡಿತು. ಹದಿನೆಂಟನೆಯದು ಸಿಕ್ಕಿಕೊಂಡಿತು. ಇಪ್ಪತ್ತೆರಡನೆಯದೂ ಸಿಕ್ಕಿಕೊಂಡಾಗ ಮೇಷ್ಟ್ರು ಪಿಸ್ತೂಲನ್ನು ಪೆಟ್ಟಿಗೆಗೆ ಹಾಕಿ ಬೀರುವಿಗೆ ಬೀಗ ಜಡಿದರು. ಇನ್ನು ಇದರ ಮೇಲೆ ಒಂದು ತೋಟಾವನ್ನೂ ದಂಡ ಮಾಡುವುದಿಲ್ಲ ಎಂದರು. ಕಾರ್ಯದರ್ಶಿಗೆ ಅಲ್ಲೇ ಚೀಟಿ ಬರೆದರು. ಶನಿವಾರ ವಾಪಸು.

ನಾದಿನಿ ಸದ್ದು ತಡೆಯಲೆಂದು ಕಿವಿಗೆ ಹಾಕಿಕೊಂಡಿದ್ದನ್ನು ತೆಗೆದು ಮೇಜಿನ ಮೇಲಿಟ್ಟಳು. ಹೋಗುವಾಗ ಬಾಗಿಲ ಹತ್ತಿರ ನಿಂತು, "ಅಣ್ಣ ಅಷ್ಟು ನೋಡಿ ತಂದಿದ್ದ," ಎಂದಳು. ಅಷ್ಟೇ.

ಅವಳು ಗುಡಿಸುತ್ತ ಉಳಿದಳು. ಇಪ್ಪತ್ತು ಚಿಲ್ಲರೆ ಚಿಪ್ಪು. ಎಲ್ಲವೂ ನಿನ್ನೆಯ ಗೆರೆಯ ಒಳಗೇ ಬಿದ್ದಿದ್ದವು. ಒಂದೂ ಆಚೆ ಈಚೆ ಇರಲಿಲ್ಲ. ಅಂದರೆ ಎಸೆಯುವುದರಲ್ಲಿ ಪಿಸ್ತೂಲಿನ ತಪ್ಪಿಲ್ಲ. ತೋಟಾಕ್ಕೆ ಬಲವಿಲ್ಲ ಎನ್ನಲೂ ಆಗದು. ಚಿಪ್ಪು ಸರಿಯಾಗಿ ಹೊರಗೆ ಹೋಗುತ್ತಿದೆ. ಸಿಕ್ಕಿಕೊಳ್ಳುವುದು ಒಳಗೆ ಹೋಗುವಾಗ. ನಿನ್ನೆ ಹೋದ ತೋಟಾ ಇವತ್ತು ಯಾಕೆ ಹೋಗಲಿಲ್ಲ? ಅದೇ ಬೀರು, ಅದೇ ಹಸಿರು ಡಬ್ಬಿ, ಅದೇ ಕೈ.

ಮೇಜು ಒರೆಸಲು ಬನಿಯನ್ ತುಂಡನ್ನು ತೆಗೆದುಕೊಂಡಳು. ಅದು ಬೆರಳಿಗೆ ಅಂಟಿತು. ಬಿಡಿಸಿ ಬೆಳಕಿಗೆ ಹಿಡಿದಳು. ಬಿಳಿ ಬಟ್ಟೆಯ ತುಂಬ ಬೂದು ಬಣ್ಣದ ಮೇಣ. ಕೊಳೆಯ ಹಾಗೆ ಕಾಣಲಿಲ್ಲ. ತೋಟಾಕ್ಕೆ ಯಾರೋ ಬೇಕೆಂದೇ ಹಚ್ಚಿದ ಹಾಗಿತ್ತು.

ಆಗ ಅವನ ಕೈ ಕಣ್ಣಿಗೆ ಬಂತು. ಹಲಗೆ ತುಂಬುವಾಗ ಅವನು ತೋಟಾವನ್ನು ಬುಡದ ಅಂಚಿನಲ್ಲಿ ಎರಡೇ ಬೆರಳಲ್ಲಿ ಹಿಡಿಯುತ್ತಿದ್ದ. ತಲೆ ಮುಟ್ಟುತ್ತಲೇ ಇರಲಿಲ್ಲ. ಎಣ್ಣೆ ಕೈಯವನಿಗೆ ಇದೆಂಥ ಮಡಿವಂತಿಕೆ ಎಂದು ಅವಳು ಎಷ್ಟು ಸಲ ಆಡಿಕೊಂಡಿದ್ದಳು. ಅವನು ನಗುತ್ತಿದ್ದ, ಕಾರಣ ಹೇಳುತ್ತಿರಲಿಲ್ಲ. ಅವನು ಮಾತು ಕಮ್ಮಿಯ ಮನುಷ್ಯ.

ಆ ಮೇಣ ತೋಟಾ ಜಾರಲಿ ಎಂದು ತಯಾರಿಸುವವರೇ ಹಚ್ಚಿದ್ದು. ಹಳೆಯ ಪಿಸ್ತೂಲು ಹಳೆಯ ಚಪ್ಪಲಿಯ ಹಾಗೆ ಸಡಿಲ, ಏನು ತುರುಕಿದರೂ ಒಳಗೆ ಹೋಗುತ್ತಿತ್ತು. ಹೊಸದು ಬಿಗಿ. ನಾಲ್ಕು ತಿಂಗಳಿಂದ ಅವಳು ತನ್ನ ಗಂಡನ ಬನಿಯನ್ನಿನಲ್ಲಿ ಆ ಮೇಣವನ್ನೇ ಒರೆಸಿ ತೆಗೆಯುತ್ತಿದ್ದಳು. ಪಿಸ್ತೂಲು ಕೆಟ್ಟಿರಲಿಲ್ಲ. ಕೆಡಿಸಿದವಳು ತಾನು.

ಅವಳು ಸ್ಟೂಲಿನ ಮೇಲೆ ಕೂತಳು. ಅಳು ಬರಲಿಲ್ಲ. ನಾಚಿಕೆ ಬಂತು.

ನಾಳೆಯಿಂದ ಸುಮ್ಮನೆ ಒರೆಸುವುದನ್ನು ಬಿಟ್ಟರೆ ಆಗುತ್ತಿತ್ತು, ಯಾರಿಗೂ ತಿಳಿಯುತ್ತಿರಲಿಲ್ಲ. ಆದರೆ ಬೀರುವಿಗೆ ಬೀಗ ಬಿದ್ದಿತ್ತು. ಬೀಗ ತೆಗೆಸಬೇಕಾದರೆ ಕಾರಣ ಹೇಳಬೇಕು. ಕಾರಣ ಹೇಳಿದರೆ ಹಲಗೆಯ ಕೆಲಸ ಹೋಗುತ್ತದೆ. ಪೊರಕೆಯೂ ಹೋದೀತು. ಹೇಳದಿದ್ದರೆ ಪಿಸ್ತೂಲು ಹೋಗುತ್ತದೆ, ಎಣ್ಣೆಯಣ್ಣ ಕೊನೆಗೆ ಕುರುಡಾಗಿದ್ದ ಎನ್ನುವ ಮಾತು ಉಳಿಯುತ್ತದೆ.

ಗುರುವಾರ ಬೆಳಿಗ್ಗೆ ಮೇಷ್ಟ್ರು ಬರುವ ಮೊದಲೇ ಬಾಗಿಲಲ್ಲಿ ನಿಂತಿದ್ದಳು. ಬನಿಯನ್ ತುಂಡನ್ನು ಅವರ ಮೇಜಿನ ಮೇಲೆ ಹರಡಿದಳು. ತಾನು ಏನು ಮಾಡಿದೆ, ಎಷ್ಟು ದಿನದಿಂದ ಮಾಡಿದೆ, ಮಂಗಳವಾರ ಹಲಗೆಗೆ ಬರದ ಹಸಿರು ಡಬ್ಬಿ ಒಂದೇ ಯಾಕೆ ಪಾರಾಯಿತು, ಎಲ್ಲ ಹೇಳಿದಳು. ಕ್ಷಮಿಸಿ ಎನ್ನಲಿಲ್ಲ. ಅದು ಬಾಯಿಗೆ ಬರಲಿಲ್ಲ.

ಮೇಷ್ಟ್ರು ಬಟ್ಟೆಯನ್ನು ಉಗುರಿನಿಂದ ಕೆರೆದರು. ಮೂಸಿದರು.

"ನಾಲ್ಕು ತಿಂಗಳಿಂದ ನನ್ನ ಕಣ್ಣ ಮುಂದೇ ಒರೆಸ್ತಾ ಇದ್ರಿ," ಎಂದರು. "ನಾನೂ ನೋಡ್ತಾ ಕೂತಿದ್ದೆ. ಎಷ್ಟು ಶುದ್ಧ ಕೆಲಸ ಅಂತ ಮೆಚ್ಚಿಕೊಂಡೂ ಇದ್ದೆ. ಮಂಜಾಗಿದ್ದು ಯಾರ ಕಣ್ಣು ಅಂತ ಈಗ ಗೊತ್ತಾಯ್ತು ಬಿಡಿ."

ಎದ್ದು ಬೀರುವಿನ ಬೀಗ ತೆಗೆದರು.

ಶುಕ್ರವಾರ ನಾದಿನಿ ಅರ್ಧ ದಿನ ರಜೆ ಹಾಕಿ ಬಂದಳು. ಐದೂ ಬಗೆಯನ್ನು ಮತ್ತೆ ಮೊದಲಿನಿಂದ. ಈ ಸಲ ಅತ್ತಿಗೆಯ ಕೈಯಲ್ಲಿ ಬಟ್ಟೆ ಇಲ್ಲ. ಅವಳು ಒಂದೊಂದು ತೋಟಾವನ್ನೂ ಬುಡದ ಅಂಚಿನಲ್ಲಿ ಎರಡೇ ಬೆರಳಲ್ಲಿ ಹಿಡಿದು ನಿಲ್ಲಿಸಿದಳು. ಮೊದಮೊದಲು ಹಿಡಿತ ಸಿಗದೆ ಎರಡು ಮೂರು ಉರುಳಿದವು.

ಒರೆಸದೆ ಇದ್ದುದೇ ಎಲ್ಲವನ್ನೂ ಸರಿಮಾಡಲಿಲ್ಲ. ದುಬಾರಿ ತೋಟಾ ಈಗ ಒಳಗೆ ಹೋಗಲು ತಕರಾರು ಮಾಡಲಿಲ್ಲ, ಆದರೆ ಚಿಪ್ಪುಗಳು ನಾದಿನಿಯ ಕಾಲ ಬುಡದಲ್ಲೇ ಸುಸ್ತಾಗಿ ಬಿದ್ದವು. ಎರಡಂತೂ ಹೊರಗೆ ಹಾರದೆ ಪಿಸ್ತೂಲಿನ ಪಕ್ಕದ ಕಿಂಡಿಯಲ್ಲೇ ನೆಟ್ಟಗೆ ನಿಂತವು. ಅವಳು ನೆಲ ನೋಡಿ ಹೇಳಿದಳು, ಇದು ತೀರಾ ಮೆತ್ತಗೆ, ಹೊಸ ಸ್ಪ್ರಿಂಗನ್ನು ಹಿಂದಕ್ಕೆ ತಳ್ಳಲು ಇದಕ್ಕೆ ಶಕ್ತಿ ಸಾಲದು ಎಂದು. ಎರಡನೆಯದೂ ಹಾಗೇ. ಮೂರನೆಯದು ಅತಿ ಜೋರು, ಚಿಪ್ಪು ಹಾರಿ ಗೋಡೆಗೆ ಬಡಿಯಿತು, ಗುರಿಯೂ ಚದುರಿತು. ನಾಲ್ಕನೆಯದರಲ್ಲಿ ಎರಡು ಸಿಡಿಯಲೇ ಇಲ್ಲ. ಈ ತೋಟಾಗಳ ಸಿಡಿಮದ್ದು ಬುಡದ ಅಂಚಿನಲ್ಲಿರುತ್ತದೆ. ಪಿನ್ನು ಹೊಡೆದ ಗುರುತು ಇದೆ, ಆ ಜಾಗದಲ್ಲಿ ಮದ್ದಿಲ್ಲ ಎಂದರು ಮೇಷ್ಟ್ರು.

ಹಸಿರು ಡಬ್ಬಿ ಐವತ್ತು ಹೋಯಿತು. ಇನ್ನೊಂದು ಡಬ್ಬಿ ತೆಗೆದರು. ಹೋಯಿತು. ಮೂರನೆಯದನ್ನು ಪಿಸ್ತೂಲು ಶುಚಿ ಮಾಡದೆ ಹಾಗೇ ಹೊಡೆದರು. ನಾಲ್ಕನೆಯದಕ್ಕೆ ನಾದಿನಿಯ ಕೈ ಸೋತಿತ್ತು, ಕೈ ಸೋತಾಗಲೂ ನಡೆಯಬೇಕಲ್ಲ ಎಂದು ಅವಳೇ ಹಟ ಹಿಡಿದು ಹೊಡೆದಳು. ಇನ್ನೂರಕ್ಕೆ ಇನ್ನೂರು. ಎಡಗೈ ಒಂದು ಸಲವೂ ಮೇಲೇಳಲಿಲ್ಲ.

"ಅತ್ತಿಗೆ," ಎಂದಳು ನಾದಿನಿ, ಕನ್ನಡಕ ಹಣೆಗೇರಿಸಿ. "ನೀವು ಅಣ್ಣನ್ನೂ ಹೀಗೇ ತಿಕ್ಕಿ ತಿಕ್ಕಿ ತೊಳೀತಿದ್ರಿ."

"ಅವರಿಗಿದ್ದ ಎಣ್ಣೆ ಹೋಗಲಿಲ್ಲ ಕಣೇ. ಪುಣ್ಯಕ್ಕೆ."

ಇಬ್ಬರೂ ನಕ್ಕರು.

ಶನಿವಾರ ಹನ್ನೊಂದಕ್ಕೆ ವ್ಯಾನು ಬಂತು. ಇಳಿದವನು ಪೆಟ್ಟಿಗೆ ಎಲ್ಲಿ ಎಂದ. ಮೇಷ್ಟ್ರು ಕಾಗದಕ್ಕೆ ಸಹಿ ಹಾಕಿ, ಇಟ್ಟುಕೊಂಡಿದ್ದೇವೆ ಎಂದರು. ಒಳ್ಳೇ ಆಯ್ಕೆ, ಯಾರು ನೋಡಿದ್ದು ಎಂದು ಅವನು ಮಾತಿಗೆ ಕೇಳಿದ. ನಮ್ಮ ಎಣ್ಣೆಯಣ್ಣ, ಅವರ ಕಣ್ಣು ಬಹಳ ಸೂಕ್ಷ್ಮ ಎಂದರು ಮೇಷ್ಟ್ರು. ಇದನ್ನು ಅವರು ಸ್ವಲ್ಪ ಗಟ್ಟಿಯಾಗಿಯೇ ಹೇಳಿದರು. ಅವಳು ಒಳಗಿದ್ದಳು.

ವ್ಯಾನು ಹೋದ ಮೇಲೆ ಅವಳು ಹಲಗೆಯನ್ನು ತಂದು ಮೇಷ್ಟ್ರ ಮೇಜಿನ ಮೇಲಿಟ್ಟಳು. ಬೇರೆ ಯಾರಿಗಾದರೂ ಕೊಡಿ ಎಂದಳು. ಮೇಷ್ಟ್ರು ತಲೆ ಎತ್ತದೆ ಹಲಗೆಯನ್ನು ಅವಳ ಕಡೆಗೇ ತಳ್ಳಿದರು.

"ಹಲಗೆ ನಿಮ್ಮದೇ. ಬಟ್ಟೆ ಮಾತ್ರ ಇಲ್ಲೇ ಬಿಡಿ, ನನ್ನ ಶೂಗೆ ಬೇಕು."

ಸಂಜೆ ನಾದಿನಿ ಬಂದು ತನ್ನ ಜಾಗದಲ್ಲಿ ನಿಂತಳು. ತಂಡದ ಆಯ್ಕೆಗಾಗಿ ಅವಳು ಹೊಡೆಯಬೇಕಿದ್ದ ಪಂದ್ಯಕ್ಕೆ ಇನ್ನು ಮೂರು ವಾರವಿತ್ತು. ಅತ್ತಿಗೆ ಹಸಿರು ಡಬ್ಬಿ ತೆಗೆದು, ಅಂಚು ಹಿಡಿದು, ಐವತ್ತನ್ನೂ ನಿಲ್ಲಿಸಿದಳು. ಈ ಸಲ ಒಂದೂ ಉರುಳಲಿಲ್ಲ. ಹಲಗೆ ಇಟ್ಟು ಹಿಂದೆ ಸರಿದು ಪೊರಕೆ ಹಿಡಿದು ನಿಂತಳು. ಗುರಿಯ ಕಡೆ ನೋಡಲಿಲ್ಲ. ನೆಲ ನೋಡುತ್ತಿದ್ದಳು. ಸೀಮೆಸುಣ್ಣದ ಗೆರೆ ಅರ್ಧ ಅಳಿಸಿತ್ತು. ಚಿಪ್ಪುಗಳಿಗೆ ಗೆರೆ ಬೇಕಿರಲಿಲ್ಲ. ಒಂದರ ಹಿಂದೆ ಒಂದು ಬಂದು ಅಲ್ಲೇ ಬೀಳುತ್ತಿದ್ದವು.