ಹಾಲಮ್ಮನ ಮುಡಿ

ಶಕ್ತಿ ಬರಲೆಂದು ಬಾಟಲಿ ಹಾಕಿದರೆ ತಲೆಗೂದಲು ಉದುರುತ್ತದೆಯೇ?

ನನ್ನ ವಾರಗಿತ್ತಿ ಹಾಲಮ್ಮನಿಗೆ ಉದುರಿತು. ಬಾಚಣಿಗೆ ಇಟ್ಟರೆ ಹಿಡಿ ಹಿಡಿ ಬರುತ್ತಿತ್ತು. ಹರಿಹರದಿಂದ ದಾವಣಗೆರೆಯ ಆಸ್ಪತ್ರೆಗೆ ಬಂದು ಬಾಟಲಿ ಹಾಕಿಸಿಕೊಂಡ ದಿನ ಅವಳು ವಿನೋಬನಗರದ ನಮ್ಮ ಮನೆಯಲ್ಲೇ ಉಳಿಯುತ್ತಿದ್ದಳು. ಒಂದು ಬೆಳಿಗ್ಗೆ ದಿಂಬಿನ ಮೇಲೆ ಬಿದ್ದಿದ್ದ ಕೂದಲನ್ನು ಉಂಡೆ ಮಾಡಿ ಕೈಯಲ್ಲಿ ಹಿಡಿದುಕೊಂಡು ಬಂದಳು.

"ಅಜ್ಜಯ್ಯ ಬಿಡ್ಲಿಲ್ಲ ನೋಡಕ್ಕ. ಕೊಡ್ತೀನಿ ಅಂದು ಕೊಡ್ಲಿಲ್ಲ. ಈಗ ತಾನಾಗೇ ಕಿತ್ಕೊಳ್ತಾ ಐದಾನೆ."

ಅಜ್ಜಯ್ಯ ಅಂದರೆ ಉಕ್ಕಡಗಾತ್ರಿಯ ಕರಿಬಸವೇಶ್ವರ. ಮಗ ರುದ್ರೇಶ ಕೂಸಾಗಿದ್ದಾಗ ಜ್ವರ ನೆತ್ತಿಗೇರಿ, ಉಳಿಯುವುದಿಲ್ಲ ಎನ್ನುವಂತಾಗಿತ್ತು. ಆಗ ಇವಳು ಮುಡಿ ಕೊಡುತ್ತೇನೆಂದು ಹರಕೆ ಹೊತ್ತಳು. ಹುಡುಗ ಉಳಿದ. ಮುಡಿಯೂ ಉಳಿಯಿತು. ಸೊಂಟ ದಾಟಿ ಇಳಿಯುವ ಕೂದಲು, ಕೊಡಲು ಯಾರಿಗೆ ಮನಸ್ಸು ಬರುತ್ತದೆ ಹೇಳಿ? (ನನ್ನದು ಇಲಿ ಬಾಲ. ನಾನಾಗಿದ್ದರೆ ಎರಡು ಸಲ ಕೊಟ್ಟು ಬರುತ್ತಿದ್ದೆ.)

ನಿಜ ಏನೆಂದರೆ ಹಾಲಮ್ಮನಿಗೆ ಕ್ಯಾನ್ಸರ್. ಹೊಟ್ಟೆಯಲ್ಲಿ ಶುರುವಾಗಿ ಲಿವರ್‌ಗೂ ಹಬ್ಬಿತ್ತು. ಬಾಟಲಿಯಲ್ಲಿ ಇದ್ದದ್ದು ಕೀಮೋ. ವಾಸಿಯಾಗುವುದಿಲ್ಲ, ಸ್ವಲ್ಪ ದಿನ ತಳ್ಳಬಹುದು ಎಂದು ಡಾಕ್ಟರ್ ಹೇಳಿದ್ದರು. ಹೇಳಿದ್ದು ಮಗನಿಗೆ. ಮಗ ಹೆಂಡತಿಗೆ ಹೇಳಿದ, ನನಗೆ ಹೇಳಿದ. ಹಾಲಮ್ಮನಿಗೆ ಮಾತ್ರ, "ರಕ್ತ ಕಮ್ಮಿ ಆಗೈತೆ, ಶಕ್ತಿಗೆ ಬಾಟ್ಲಿ ಹಾಕ್ತಾರೆ" ಅಂದ.

"ದೊಡ್ಡವ್ವ, ಅವ್ವನ ಮುಂದೆ ಬಾಯಿ ಬಿಡಬ್ಯಾಡ್ರಿ" ಎಂದು ನನ್ನ ಎರಡೂ ಕೈ ಹಿಡಿದುಕೊಂಡಿದ್ದ. "ಗೊತ್ತಾದ್ರೆ ಎದೆ ಒಡ್ಕೊಂಡು ಸಾಯ್ತಾಳೆ. ಪಾಸಿಟಿವ್ ಆಗಿರ್ಬೇಕು."

"ಗೊತ್ತಾಗ್ದಿದ್ರೆ ಬದುಕ್ತಾಳೇನೋ?"

ಅವನು ಕೈ ಇನ್ನೂ ಬಿಗಿ ಹಿಡಿದ. ಕೊನೆಗೆ ಆಗಲಿ ಅಂದೆ. ಅವನು ಹೊಟ್ಟೆಯಲ್ಲಿ ಹುಟ್ಟಿದ ಮಗ, ನಾನು ವಾರಗಿತ್ತಿ. ಬಾಯಿ ಬಿಡಲು ನಾನ್ಯಾರು?

ಆಸ್ಪತ್ರೆಯಲ್ಲಿ ಒಂದು ವಿಷಯ ಗಮನಿಸಿದ್ದೇನೆ. "ಊಟ ಮಾಡಿದ್ರಾ ಅಜ್ಜಿ" ಎಂದು ಕೇಳುವುದು ಕನ್ನಡದಲ್ಲಿ. ಆಮೇಲೆ ಡಾಕ್ಟರ ಮುಖ ಮಗನ ಕಡೆ ತಿರುಗುತ್ತದೆ, ಮಾತು ಇಂಗ್ಲಿಷಿಗೆ ತಿರುಗುತ್ತದೆ. ರೋಗ ಅವಳ ಹೊಟ್ಟೆಯಲ್ಲಿ, ಮಾತು ಅವಳ ತಲೆಯ ಮೇಲೆ. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟ ನನಗೂ ಇಷ್ಟು ಇಂಗ್ಲಿಷ್ ಬರುತ್ತದೆ: ನಮ್ಮಂಥವರ ಮುಂದೆ ಅದು ಶುರುವಾಯಿತೆಂದರೆ ಸುದ್ದಿ ಕೆಟ್ಟದ್ದು.

ಹಾಲಮ್ಮ ಹಠ ಹಿಡಿದಳು. ಉಕ್ಕಡಗಾತ್ರಿಗೆ ಹೋಗಬೇಕು, ಹೊಳೆಯಲ್ಲಿ ಮುಳುಗಿ ಒದ್ದೆ ಸೀರೆಯಲ್ಲೇ ಉರುಳು ಸೇವೆ ಮಾಡಿ ತಪ್ಪು ಒಪ್ಪಿಸಬೇಕು. ಬಾಟಲಿ ಹಾಕಿಸಿಕೊಂಡು ಎದ್ದು ನಿಲ್ಲಲಾರದವಳು! ರುದ್ರೇಶ ಬೇಡವೆನ್ನುತ್ತಾನೆ ಅಂದುಕೊಂಡೆ. "ಆಸೆ ಪಟ್ಟಾಳೆ, ಮಾಡ್ಲಿ ಬಿಡ್ರಿ ದೊಡ್ಡವ್ವ" ಎಂದು ಕಾರು ತಂದು ನಿಲ್ಲಿಸಿದ. ನಿಜ ಕೇಳಿದರೆ ಅವ್ವನ ಎದೆ ಒಡೆಯುತ್ತದೆ, ಕಲ್ಲಿನ ಮೇಲೆ ಉರುಳಿದರೆ ಏನೂ ಆಗುವುದಿಲ್ಲ. ಇದು ಡಿಗ್ರಿ ಓದಿದವನ ಬುದ್ಧಿ.

ಹೊಳೆಯ ಮೆಟ್ಟಿಲ ಹತ್ತಿರ ನಮ್ಮಿಬ್ಬರನ್ನು ಬಿಟ್ಟು ಅವನು ಕಾಯಿ, ಕರ್ಪೂರ ತರಲು ಹೋದ. ಇವಳು ಸೆರಗು ಸೊಂಟಕ್ಕೆ ಸಿಕ್ಕಿಸಿದಳು. ಒಂದು ಮೆಟ್ಟಿಲು ಇಳಿಯುವಷ್ಟರಲ್ಲಿ ನನ್ನ ಹೆಗಲು ಹಿಡಿದಳು. ಅರ್ಧ ಸುತ್ತು ಉರುಳುವುದರೊಳಗೆ ಅಲ್ಲೇ ಮುಗಿಯುತ್ತಾಳೆ ಅನ್ನಿಸಿತು.

"ಇವತ್ತು ಬ್ಯಾಡ ಹಾಲಮ್ಮ. ಚೂರು ಗಟ್ಟಿಯಾಗು, ಆಮೇಲೆ ಬರೋಣ."

"ಇಲ್ಲಕ್ಕ. ಕೂದ್ಲು ಕಿತ್ಕೊಂಡ, ಊಟ ಸೇರದಂಗೆ ಮಾಡ್ದ. ಮುಂದೆ ಹುಡುಗನ್ನೇ ಕೇಳಿದ್ರೆ? ಹರಕೆ ಹೊತ್ತಿದ್ದು ಅವನ ಜೀವಕ್ಕಲ್ವಾ?"

ತಿಂಗಳುಗಟ್ಟಲೆ ಅವಳ ತಲೆಯಲ್ಲಿ ಓಡಿದ್ದು ಇದು! ನಾವೆಲ್ಲ ಸೇರಿ ಅವಳಿಗೆ ಭಯ ಆಗಬಾರದೆಂದು ನಾಟಕ ಮಾಡುತ್ತಿದ್ದರೆ, ಅವಳು ಮಗ ಸಾಯುತ್ತಾನೆಂದು ಒಬ್ಬಳೇ ನಡುಗುತ್ತಿದ್ದಳು.

"ಕೂಡು" ಅಂದೆ. "ಇದು ಅಜ್ಜಯ್ಯನ ಕೆಲಸ ಅಲ್ಲ. ನಿನಗೆ ಕ್ಯಾನ್ಸರ್ ಐತೆ. ಬಾಟ್ಲಿ ಔಷಧಕ್ಕೆ ಕೂದ್ಲು ಉದುರ್ತಾವೆ. ಹರಕೆ ತೀರ್ಸಿದೋರಿಗೂ ಉದುರ್ತಾವೆ."

ಕೂತಳು. ಸಿಕ್ಕಿಸಿದ್ದ ಸೆರಗು ಬಿಚ್ಚಿ ತಲೆ ಮುಚ್ಚಿಕೊಂಡಳು.

"ವಾಸಿ ಆಗ್ತೈತಾ?"

"ಇಲ್ಲ."

"ರುದ್ರಗೆ ಗೊತ್ತೈತಾ?"

"ಗೊತ್ತೈತೆ."

"ಸೊಸಿಗೆ?"

"ಗೊತ್ತೈತೆ."

"ಪಕ್ಕದ್ಮನಿಯಾಕಿ ಮೊನ್ನೆ ನನ್ನ ತಬ್ಕೊಂಡು ಅತ್ತಳಲ್ಲ. ಆಕಿಗೂ?"

ಹೌದೆಂದು ತಲೆ ಆಡಿಸಿದೆ.

"ಊರಿಗೆಲ್ಲ ಗೊತ್ತೈತೆ, ಸಾಯೋಳಿಗೆ ಇಲ್ಲ. ನನ್ನ ಏನಂತ ತಿಳ್ಕೊಂಡಿದ್ರಿ ಎಲ್ಲ, ಎಮ್ಮಿ ಅಂತನಾ?"

ಬೈದಳು. ನನ್ನನ್ನು, ಮಗನನ್ನು, ಸತ್ತುಹೋದ ಗಂಡನನ್ನೂ ಬಿಡಲಿಲ್ಲ. ಬೈದು ಸುಸ್ತಾದ ಮೇಲೆ ಸಣ್ಣ ದನಿಯಲ್ಲಿ ಕೇಳಿದಳು, "ಹಂಗಾದ್ರೆ ಹುಡುಗಗೆ ಏನೂ ಆಗಲ್ಲ?"

"ಏನೂ ಆಗಲ್ಲ. ನಿನ್ನ ಕೂದ್ಲಿಗೂ ಅವನಿಗೂ ಸಂಬಂಧ ಇಲ್ಲ."

ಉರುಳು ಸೇವೆ ಮಾಡಲಿಲ್ಲ. ಅಳಿದುಳಿದ ಕೂದಲನ್ನು ಅಲ್ಲೇ ತೆಗೆಸಿ, ಅಜ್ಜಯ್ಯನಿಗೆ ಕೈ ಮುಗಿದು ಕಾರು ಹತ್ತಿದಳು. ಕಾಯಿ ಹಿಡಿದು ಬಂದ ರುದ್ರೇಶನಿಗೆ ಅವಳೇ ಎಲ್ಲ ಹೇಳಿದ್ದಳು; ದಾರಿಯುದ್ದಕ್ಕೂ ಅವನು ನನ್ನ ಮುಖ ನೋಡಲಿಲ್ಲ.

ನಿಜ ಹೇಳದೆ ಬಿಟ್ಟ ಜಾಗ ಖಾಲಿ ಇರುತ್ತದೆ, ಅಲ್ಲಿ ಮನುಷ್ಯ ನಿಶ್ಚಿಂತೆಯಿಂದ ಇರುತ್ತಾನೆ ಎಂದು ನಾವು ನಂಬಿದ್ದೇವೆ. ಸುಳ್ಳು. ಅಲ್ಲಿ ಅವನು ತಾನು ಮಾಡಿದ ಹಳೆಯ ತಪ್ಪುಗಳನ್ನೆಲ್ಲ ತಂದು ಕೂರಿಸಿಕೊಳ್ಳುತ್ತಾನೆ. ಹೆಂಗಸಾದರಂತೂ ಕೇಳುವುದೇ ಬೇಡ. ಮಳೆ ಬರದಿದ್ದರೂ ನಮ್ಮದೇ ಪಾಪ ಎಂದು ಕಲಿಸಿ ಬೆಳೆಸಿದ್ದಾರಲ್ಲ! ಹಾಗಾದರೆ ಮುಚ್ಚಿಟ್ಟದ್ದು ಯಾರ ಸುಖಕ್ಕೆ? ಹೇಳಿದ ಮೇಲೆ ಅವಳು ಅಳುತ್ತಾಳೆ, ನಾವು ಎದುರಿಗೆ ಕೂರಬೇಕಾಗುತ್ತದೆ. ಅದು ನಮ್ಮಿಂದ ಆಗುವುದಿಲ್ಲ. ಅಷ್ಟೇ ವಿಷಯ. ಅದಕ್ಕೆ ಪ್ರೀತಿ ಅಂತ ಹೆಸರಿಟ್ಟುಕೊಂಡಿದ್ದೇವೆ.

ಹಾಲಮ್ಮ ಮತ್ತೆ ಬಾಟಲಿ ಹಾಕಿಸಿಕೊಳ್ಳಲಿಲ್ಲ. "ನನ್ನ ಮೈ, ನನಗ ಸಾಕು" ಅಂದಳು. ಆಮೇಲೆ ನೆಮ್ಮದಿಯಿಂದ ಸತ್ತಳು ಎಂದು ಬರೆದರೆ ನಿಮಗೆ ಖುಷಿಯಾಗುತ್ತದೆ, ಆದರೆ ಹಾಗಾಗಲಿಲ್ಲ. ನೋವಿತ್ತು. ಹೆದರಿಕೆಯೂ ಇತ್ತು. ನಾನು ಹರಿಹರಕ್ಕೆ ಹೋದಾಗ ಒಂದು ದಿನ "ಹೇಳಿದ್ದು ಚಲೋ ಆತಕ್ಕ" ಅನ್ನುವಳು, ಇನ್ನೊಂದು ದಿನ "ಯಾಕ ಹೇಳ್ದಿ" ಎಂದು ಗೋಡೆ ಕಡೆ ತಿರುಗಿ ಮಲಗುವಳು. ಎರಡೂ ನಿಜವೇ ಇರಬೇಕು. ಮಗನ ತಟ್ಟೆಗೆ ಏನು ಬಿತ್ತು ಎಂದು ಮಾತ್ರ ಕೊನೆಯ ತನಕ ಕೇಳುತ್ತಿದ್ದಳು.

ಅವಳು ಹೋದ ಮೇಲೆ ಕಾರ್ಯದ ದಿನ ರುದ್ರೇಶ ಎಲ್ಲರ ಮುಂದೆ ಅಂದ, "ನೀವು ಬಾಯಿ ಮುಚ್ಕೊಂಡಿದ್ರೆ ಅವ್ವ ಇನ್ನೊಂದಿಷ್ಟು ದಿನ ಇರ್ತಿದ್ಲು."

ಇರುತ್ತಿದ್ದಳೇನೋ. ನನಗೆ ಗೊತ್ತಿಲ್ಲ, ಅವನಿಗೂ ಗೊತ್ತಿಲ್ಲ. ನಾನು ವಾದ ಮಾಡಲಿಲ್ಲ. ಅವ್ವನನ್ನು ಕಳೆದುಕೊಂಡವನಿಗೆ ಬೈಯಲು ಒಬ್ಬರು ಬೇಕು, ನಾನೇ ಇರಲಿ. ಈಗಲೂ ಅವನು ನನ್ನ ಜೊತೆ ಮಾತಾಡುವುದಿಲ್ಲ.

ಅವತ್ತು ಕಾರ್ಯ ಮುಗಿಸಿ ಮನೆಗೆ ಬಂದವಳೇ ನನ್ನ ಮಗನನ್ನು ಕೂರಿಸಿಕೊಂಡೆ. "ನೋಡಪ್ಪ, ನಾಳೆ ನನಗೆ ಏನೇ ಬಂದ್ರೂ ಮೊದ್ಲು ನನಗೇ ಹೇಳ್ಬೇಕು, ಕನ್ನಡದಾಗೆ ಹೇಳ್ಬೇಕು" ಅಂದೆ.

"ಸುಮ್ನಿರವ್ವ. ನಿನಗೇನಾಗ್ತೈತೆ? ನೂರು ವರ್ಷ ಇರ್ತೀಯ" ಅಂದ.

ಸುಳ್ಳು ಹೇಳಲು ರೋಗ ಬರುವ ತನಕವೂ ಕಾಯಲಿಲ್ಲ ನೋಡಿ ಅವನು.